ಹಳೇ ಕಾಮಿಕ್ಸ್ ಕೈಗೆ ಬಂದರೆ ಮೊದಲು ಹಿಂಪುಟ ತಿರುಗಿಸಿ

ಹಳೇ ಕಾಮಿಕ್ಸ್ ಸಿಕ್ಕ ತಕ್ಷಣ ಎಲ್ಲರೂ ಮುಖಪುಟ ನೋಡುತ್ತಾರೆ. "ಅಯ್ಯೋ, ಇದು ನಮ್ಮನೇಲೂ ಇತ್ತಲ್ವಾ!" ಅನ್ನುತ್ತಾರೆ. ಆ ಖುಷಿ ಸಹಜ. ಆದರೆ ಪುಸ್ತಕದ ಬೆಲೆ ಮುಖಪುಟದಲ್ಲಿ ಗೊತ್ತಾಗುವುದಿಲ್ಲ. ಹಿಂಪುಟದಲ್ಲಿ, ಒಳರಕ್ಷಾಪುಟದ ಕೆಳಗಿರುವ ಸಣ್ಣ ಅಕ್ಷರದಲ್ಲಿ, ಪಿನ್ನು ಹೊಡೆದ ನಡುಹಾಳೆಯಲ್ಲಿ ಗೊತ್ತಾಗುತ್ತದೆ. ಈ ಮೂರನ್ನು ನೋಡುವ ಅಭ್ಯಾಸ ಮಾಡಿಕೊಂಡರೆ ಬೆಂಗಳೂರಿನ ಯಾವ ಅಂಗಡಿಗೆ ಹೋದರೂ ಮೋಸ ಹೋಗುವುದಿಲ್ಲ.

ನನ್ನ ಸೋದರಮಾವ ಚಾಮರಾಜಪೇಟೆಯಲ್ಲಿ ಸರ್ಕ್ಯುಲೇಟಿಂಗ್ ಲೈಬ್ರರಿ ನಡೆಸುತ್ತಿದ್ದರು. ಮಕ್ಕಳು ಪುಸ್ತಕ ವಾಪಸ್ ತಂದಾಗ ಮಾವ ಮೊದಲು ನಡುಹಾಳೆ ಇದೆಯಾ ಅಂತ ತೆಗೆದು ನೋಡುತ್ತಿದ್ದರು. ಆಮೇಲೇ ಡೆಪಾಸಿಟ್ ಮಾತು. ಶಾಲೆ ರಜೆಯಲ್ಲಿ ಆ ಅಂಗಡಿಯ ಮೂಲೆಯಲ್ಲಿ ಕೂತು ಓದಿ ಬೆಳೆದವಳು ನಾನು. ಲೈಬ್ರರಿ ಮುಚ್ಚಿದ ಮೇಲೆ ಉಳಿದ ಪುಸ್ತಕಗಳು ನನ್ನ ಪಾಲಿಗೆ ಬಂದವು. ಇಲ್ಲಿ ಬರೆದಿರುವುದು ಅವುಗಳ ಜೊತೆ ಇದ್ದು ಕಲಿತದ್ದು.

ಏನು ಸೇರಿಸಬೇಕು

ಎಲ್ಲವನ್ನೂ ಸೇರಿಸುತ್ತೇನೆ ಅಂತ ಹೊರಟರೆ ಮನೆ ತುಂಬುತ್ತದೆ, ಸಂಗ್ರಹ ಆಗುವುದಿಲ್ಲ. ಒಂದು ಮಾಲೆ, ಒಬ್ಬ ಚಿತ್ರಕಾರ ಅಥವಾ ಒಂದು ಭಾಷೆ ಅಂತ ಮೊದಲೇ ಗಟ್ಟಿ ಮಾಡಿಕೊಳ್ಳಿ. ನನ್ನ ಕೇಳಿದರೆ ಕನ್ನಡದಲ್ಲಿ ಬಂದದ್ದನ್ನು ಹಿಡಿಯಿರಿ ಅನ್ನುತ್ತೇನೆ. ಕಾರಣ ಮುಂದೆ ಹೇಳುತ್ತೇನೆ.

ನಮ್ಮೂರಲ್ಲಿ ಜಾಸ್ತಿ ಓಡಾಡುವುದು ಎರಡು ಮಾಲೆ. ಒಂದು ಇಂದ್ರಜಾಲ ಕಾಮಿಕ್ಸ್. ಟೈಮ್ಸ್ ಆಫ್ ಇಂಡಿಯಾ ಬಳಗದವರು 1964ರ ಮಾರ್ಚ್‌ನಲ್ಲಿ ಶುರು ಮಾಡಿ 1990ರಲ್ಲಿ ನಿಲ್ಲಿಸಿದರು. ಮೊದಲ 32 ಸಂಚಿಕೆ ಪೂರ್ತಿ ಫ್ಯಾಂಟಮ್. ಆಮೇಲೆ ಮ್ಯಾಂಡ್ರೇಕ್, ಫ್ಲ್ಯಾಶ್ ಗಾರ್ಡನ್, ರಿಪ್ ಕರ್ಬಿ ಎಲ್ಲರೂ ಬಂದರು. 1976ರಲ್ಲಿ ಆಬಿದ್ ಸುರ್ತಿ ಅವರು ಸೃಷ್ಟಿಸಿದ ನಮ್ಮ ದೇಶದ ನಾಯಕ ಬಹಾದೂರ್ ಬಂದ. ಇಂದ್ರಜಾಲ ಮೊದಲು ತಿಂಗಳಿಗೊಂದು ಬರುತ್ತಿತ್ತು, ಆಮೇಲೆ ಹದಿನೈದು ದಿನಕ್ಕೊಂದು, ಕೊನೆಗೆ ವಾರಕ್ಕೊಂದು. ಇದು ನೆನಪಿರಲಿ. ಯಾಕೆಂದರೆ 80ರ ದಶಕದ ಸಂಚಿಕೆಗಳು ರಾಶಿ ರಾಶಿ ಸಿಗುತ್ತವೆ, 60ರ ದಶಕದವು ಸಿಗುವುದು ಕಷ್ಟ. ಇನ್ನೊಂದು ವಿಷಯ. 123 ಮತ್ತು 124ನೇ ನಂಬರ್ ಮುದ್ರಣವೇ ಆಗಲಿಲ್ಲ, ಆಗ ಅಲ್ಲಿ ಮುಷ್ಕರ ಇತ್ತು. ಆ ಎರಡನ್ನು ತಂದುಕೊಡುತ್ತೇನೆ ಅಂತ ಯಾರಾದರೂ ಮುಂಗಡ ಕೇಳಿದರೆ ಕೊಡಬೇಡಿ. ಕೊನೆಯ ವರ್ಷಗಳಲ್ಲಿ ಸಾಲಾಗಿ ಬರುತ್ತಿದ್ದ ನಂಬರ್ ಬಿಟ್ಟು ಸಂಪುಟ, ಸಂಚಿಕೆ ಅಂತ ಹಾಕತೊಡಗಿದರು. ಹಾಗಾಗಿ ಪಟ್ಟಿ ಮಾಡುವಾಗ ಎರಡೂ ರೀತಿಗೆ ಜಾಗ ಬಿಡಿ.

ಇನ್ನೊಂದು ಅಮರ ಚಿತ್ರ ಕಥಾ. ಅದನ್ನು ಬೆಳೆಸಿದ ಸಂಪಾದಕ ಅನಂತ ಪೈ ಅವರ ಹೆಸರು ಎಲ್ಲರಿಗೂ ಗೊತ್ತು. ಅವರು ಹುಟ್ಟಿದ್ದು ಕಾರ್ಕಳದಲ್ಲಿ. ಆದರೆ ಅಮರ ಚಿತ್ರ ಕಥಾ ಹೆಸರಿನ ಪುಸ್ತಕ ಮೊದಲು ಹೊರಬಂದದ್ದು ನಮ್ಮ ಬೆಂಗಳೂರಲ್ಲಿ, ಕನ್ನಡದಲ್ಲಿ, 1965ರಲ್ಲಿ ಅನ್ನುವುದು ಇಲ್ಲಿನವರಿಗೇ ಗೊತ್ತಿಲ್ಲ. ಅದರ ಪ್ರಕಾಶಕರಾದ ಇಂಡಿಯಾ ಬುಕ್ ಹೌಸ್‌ನ ಬೆಂಗಳೂರು ಶಾಖೆಯಲ್ಲಿದ್ದ ಜಿ. ಕೆ. ಅನಂತರಾಮ್ ಅವರ ಯೋಚನೆ ಅದು. ಇಲ್ಲಿ ಚೆನ್ನಾಗಿ ಮಾರಾಟವಾದ ಮೇಲೆ ಇಂಗ್ಲಿಷಿನಲ್ಲಿ ತರಲು ಮುಂಬೈಯವರಿಗೆ ಉತ್ಸಾಹ ಬಂತು ಅಂತ ಅನಂತರಾಮ್ ಅವರೇ ಹೇಳಿದ್ದಾರೆ. ಇಂಗ್ಲಿಷ್ ಮಾಲೆಯ ಕ್ರಮಸಂಖ್ಯೆಯಲ್ಲಿ ಮೊದಲ ಹತ್ತು ಜಾಗ ಪಾಶ್ಚಾತ್ಯ ಮಕ್ಕಳ ಕಥೆಗಳದ್ದು. ನಮ್ಮ ದೇಶದ ಕಥೆ ಶುರುವಾಗುವುದು 11ರಿಂದ, ಅದು ಕೃಷ್ಣ. ಈ ಆರಂಭದ ಕನ್ನಡ ಪುಸ್ತಕಗಳನ್ನು ಸರಿಯಾಗಿ ಹುಡುಕಿ ಇಡಬೇಕಾದವರು ನಾವೇ ಅಲ್ವಾ? ಬೇರೆ ಊರಿನವರು ಯಾರು ಮಾಡುತ್ತಾರೆ?

ಇವೆರಡರ ಆಚೆಗೂ ಬೇಕಾದಷ್ಟಿದೆ. ಬಾಲಮಂಗಳ ಓದಿ ಬೆಳೆದವರು ಈಗ ಸಂಬಳ ಎಣಿಸುವ ವಯಸ್ಸಿಗೆ ಬಂದಿದ್ದಾರೆ. ಅದರಲ್ಲಿ ಬರುತ್ತಿದ್ದ ಡಿಂಗನ ಹಳೇ ಸಂಚಿಕೆ ಬೇಕು ಅಂತ ಕೇಳುವವರು ವರ್ಷ ವರ್ಷ ಹೆಚ್ಚುತ್ತಿದ್ದಾರೆ. ಚಂದಮಾಮ ಕಾಮಿಕ್ಸ್ ಅಲ್ಲ, ಆದರೆ ಚಿತ್ರಗಳಿಗಾಗಿಯೇ ಅದನ್ನು ಕೂಡಿಡುವವರು ತುಂಬಾ ಜನ. ಕಂಟೋನ್ಮೆಂಟ್ ಕಡೆಯ ಹಳೇ ಮನೆಗಳಿಂದ ಕಮಾಂಡೊ ಯುದ್ಧದ ಕಥೆಗಳು, ಆರ್ಚಿ ಡೈಜೆಸ್ಟ್, ಟಿನ್‌ಟಿನ್ ಬರುತ್ತವೆ. ಶಿವಕಾಶಿಯ ಮುತ್ತು ಕಾಮಿಕ್ಸ್, ಲಯನ್ ಕಾಮಿಕ್ಸ್ ತಮಿಳು ಓದುವವರ ಮನೆಗಳಲ್ಲಿ ಸಿಗುತ್ತವೆ.

ವಿಳಾಸ ಓದುವುದು

ಈಗ ಹಿಂಪುಟದ ಮಾತಿಗೆ ಬರೋಣ. ಒಂದು ಪುಸ್ತಕವನ್ನೇ ತೆಗೆದುಕೊಂಡು ನೋಡೋಣ. ಅವೆನ್ಯೂ ರಸ್ತೆಯಲ್ಲಿ ಒಬ್ಬರು ನನಗೆ ಇಂಗ್ಲಿಷಿನ 'ಕೃಷ್ಣ' ತೋರಿಸಿದರು. ಮುಖಪುಟದ ಮೇಲೆ 11 ಅಂತ ನಂಬರ್ ಇದೆ. "ಮೇಡಂ, ಫಸ್ಟ್ ಪ್ರಿಂಟು, ಇಂಥದ್ದು ಇನ್ನೆಲ್ಲೂ ಸಿಗಲ್ಲ" ಅಂದರು. ಅವರು ಸುಳ್ಳು ಹೇಳುತ್ತಿರಲಿಲ್ಲ, ಹಾಗೇ ನಂಬಿದ್ದರು. ನಂಬರ್ 11 ಇದ್ದರೆ ಮೊದಲ ಮುದ್ರಣ ಅಂತ ಎಷ್ಟೋ ಜನ ತಿಳಿದಿದ್ದಾರೆ. ಆದರೆ ಮರುಮುದ್ರಣ ಮಾಡಿದಾಗಲೂ ನಂಬರ್ ಅದೇ ಇರುತ್ತಿತ್ತು, ಬೆಲೆ ಮಾತ್ರ ಏರುತ್ತಿತ್ತು.

ಪುಸ್ತಕ ತಿರುಗಿಸಿದೆ. ಹಿಂಪುಟದಲ್ಲಿ ಮಾಲೆಯ ಉಳಿದ ಪುಸ್ತಕಗಳ ಪಟ್ಟಿ ಇತ್ತು. ಆ ಪಟ್ಟಿ ನೂರು ದಾಟಿತ್ತು. 11ನೇ ಪುಸ್ತಕ ಮೊದಲ ಸಲ ಅಚ್ಚಾಗುವಾಗ ನೂರನೆಯದರ ಹೆಸರು ಅದರಲ್ಲಿ ಇರಲು ಸಾಧ್ಯವೇ ಇಲ್ಲ. ಒಳಗಡೆ ಪ್ರಕಾಶಕರ ವಿಳಾಸ ನೋಡಿದೆ. ಬಾಂಬೆ 400 026 ಅಂತಿತ್ತು. ನಮ್ಮ ದೇಶಕ್ಕೆ ಆರಂಕಿಯ ಪಿನ್ ಕೋಡ್ ಬಂದದ್ದು 1972ರ ಆಗಸ್ಟ್ 15ಕ್ಕೆ. ಅಂದಮೇಲೆ ಈ ಪ್ರತಿ ಅದಕ್ಕಿಂತ ಹಿಂದಿನದಲ್ಲ. ಎರಡು ಕಡೆ ನೋಡಿದ್ದಕ್ಕೆ ಪುಸ್ತಕದ ವಯಸ್ಸು ಸುಮಾರಾಗಿ ತಿಳಿಯಿತು. ಅವರಿಗೂ ತೋರಿಸಿದೆ. ಓದುವ ಪ್ರತಿಯ ಬೆಲೆಗೆ ಕೊಟ್ಟರು, ತೆಗೆದುಕೊಂಡೆ.

ಈ ವಿಳಾಸದ ಲೆಕ್ಕ ಬಹಳ ಉಪಯೋಗಕ್ಕೆ ಬರುತ್ತದೆ, ಸ್ವಲ್ಪ ಬಿಡಿಸಿ ಹೇಳುತ್ತೇನೆ. ಪಿನ್ ಬರುವ ಮುಂಚೆ ಊರಿನ ಹೆಸರಿನ ಪಕ್ಕ ಒಂದು ಸಣ್ಣ ಅಂಕಿ ಬರೆಯುತ್ತಿದ್ದರು. ಚಾಮರಾಜಪೇಟೆ ಆದರೆ ಬೆಂಗಳೂರು-18. ಅದೇ ಆಮೇಲೆ 560018 ಆಯಿತು. ಆರಂಕಿ ಇದ್ದರೆ 1972ರ ನಂತರದ್ದು ಅಂತ ಖಂಡಿತ ಹೇಳಬಹುದು. ಸಣ್ಣ ಅಂಕಿ ಇದ್ದರೆ ಅದಕ್ಕೂ ಹಿಂದಿನದು ಅಂತ ಖಂಡಿತ ಹೇಳುವ ಹಾಗಿಲ್ಲ, ಏಕೆಂದರೆ ಜನ ಎಷ್ಟೋ ವರ್ಷ ಹಳೇ ರೂಢಿಯಲ್ಲೇ ಬರೆದರು. ಮೈಸೂರು ರಾಜ್ಯ ಅಂತ ಅಚ್ಚಾಗಿದ್ದರೆ ಹೆಚ್ಚುಪಾಲು 1973ರ ನವೆಂಬರ್ 1ಕ್ಕಿಂತ ಮುಂಚಿನದು. ಇಂಗ್ಲಿಷ್ ವಿಳಾಸದಲ್ಲಿ ಬಾಂಬೆ ಹೋಗಿ ಮುಂಬೈ ಇದ್ದರೆ 1995ರ ಈಚಿನದು. ಬೆಲೆ ಆಣೆಯಲ್ಲಿ ಇದ್ದರೆ 1957ಕ್ಕೂ ಹಿಂದಿನ ಕಾಲ. 'ನಯೇ ಪೈಸೆ' ಅಂತ ಇದ್ದರೆ 1957ರಿಂದ 1964ರ ನಡುವಿನದು. ಅದಾದ ಮೇಲೆ ಬರೀ ಪೈಸೆ. ಬಾರ್‌ಕೋಡ್ ಇದ್ದರಂತೂ ಹಳೇ ಮುದ್ರಣ ಅನ್ನುವ ಮಾತೇ ಬೇಡ.

ಹಿಂಪುಟದ ಪಟ್ಟಿ ನೋಡುವ ಉಪಾಯ ಟಿನ್‌ಟಿನ್‌ಗೂ ನಡೆಯುತ್ತದೆ. ಫ್ರೆಂಚ್ ಮುದ್ರಣಗಳ ಕಾಲವನ್ನು ಸಂಗ್ರಾಹಕರು ಹಿಂಪುಟದಲ್ಲಿ ಯಾವ ಪುಸ್ತಕದವರೆಗೆ ಹೆಸರಿದೆ ಅಂತ ನೋಡಿಯೇ ಹೇಳುತ್ತಾರೆ. ಅಮರ ಚಿತ್ರ ಕಥಾದಲ್ಲಿ ಇನ್ನೊಂದು ಸುಲಭದ ಗುರುತಿದೆ. ಈಗಿನ ಪುಸ್ತಕಗಳ ನಂಬರ್ 501ರಿಂದ ಶುರು, 'ಕೃಷ್ಣ'ನೇ 501. ಆ ನಂಬರ್ ಕಂಡರೆ ಹೊಸ ಕಾಲದ್ದು ಅಂತ ತಿಳಿಯಿರಿ. 2007ರ ಮೇಲೆ ಪ್ರಕಾಶಕರ ಹೆಸರು ಕೂಡ ಇಂಡಿಯಾ ಬುಕ್ ಹೌಸ್ ಹೋಗಿ ಎಸಿಕೆ ಮೀಡಿಯಾ ಆಯಿತು.

ಫ್ಯಾಂಟಮ್ ಕಥೆಯಾದರೆ ಮಾತುಗಳನ್ನು ಓದಿ. ಮೂಲ ಕಥೆಯಲ್ಲಿ ಫ್ಯಾಂಟಮ್ ಇರುವ ದೇಶ ಬೆಂಗಾಲ ಇಂದ್ರಜಾಲದಲ್ಲಿ ಡೆಂಕಾಲಿ ಆಗಿತ್ತು, ಸಿಂಗ್ ಕಡಲ್ಗಳ್ಳರು ಸಿಂಗಾ ಆಗಿದ್ದರು. ರಕ್ಷಾಪುಟ ಕಿತ್ತುಹೋದ ಪ್ರತಿಯನ್ನು ಗುರುತು ಹಿಡಿಯಲು ಇದು ಸಾಕು.

ನಕಲಿ ಪ್ರತಿಗಳೂ ಇವೆ. ಅಪರೂಪದ ಸಂಚಿಕೆಯನ್ನು ಬಣ್ಣದ ಜೆರಾಕ್ಸ್ ಮಾಡಿ, ಪಿನ್ನು ಹೊಡೆದು, ಟೀ ನೀರು ಸವರಿ ಹಳತು ಮಾಡುತ್ತಾರೆ. ಅದಕ್ಕೆ ಚೀಲದಲ್ಲಿ ಒಂದು ಭೂತಗನ್ನಡಿ ಇಟ್ಟುಕೊಳ್ಳಿ. ಹಳೇ ಅಚ್ಚಿನಲ್ಲಿ ಬಣ್ಣ ಸಣ್ಣ ಸಣ್ಣ ಚುಕ್ಕಿಗಳಾಗಿ ಒಂದು ಕ್ರಮದಲ್ಲಿ ಕಾಣುತ್ತದೆ, ಶಾಯಿ ಕಾಗದದೊಳಗೆ ಇಳಿದಿರುತ್ತದೆ. ಜೆರಾಕ್ಸಿನಲ್ಲಿ ಪುಡಿ ಮೇಲೆ ಕೂತು ಹೊಳೆಯುತ್ತದೆ. ನೋಟು ನೋಡುವ ನೇರಳೆ ಟಾರ್ಚ್ ಇದ್ದರೆ ಇನ್ನೂ ಒಳ್ಳೆಯದು. ಈಗಿನ ಬಿಳಿ ಕಾಗದ ಆ ಬೆಳಕಿಗೆ ನೀಲಿಯಾಗಿ ಮಿಂಚುತ್ತದೆ. ಹಳೇ ನ್ಯೂಸ್‌ಪ್ರಿಂಟ್ ಸಾಮಾನ್ಯವಾಗಿ ಮಂಕಾಗೇ ಇರುತ್ತದೆ.

ಸ್ಥಿತಿ ನೋಡುವುದು

ಅಮೆರಿಕದಲ್ಲಿ 2000ದಿಂದ ಸಿಜಿಸಿ ಅನ್ನುವ ಸಂಸ್ಥೆ ಕಾಮಿಕ್ಸ್‌ಗೆ 0.5ರಿಂದ 10ರವರೆಗೆ ಅಂಕ ಕೊಟ್ಟು ಪ್ಲಾಸ್ಟಿಕ್ ಡಬ್ಬಿಯಲ್ಲಿ ಮುಚ್ಚಿ ಕೊಡುತ್ತದೆ. ರಿಪೇರಿ ಮಾಡಿದ ಪ್ರತಿಗೆ ನೇರಳೆ ಲೇಬಲ್. ನಮ್ಮ ಹೆಚ್ಚಿನ ಕಾಮಿಕ್ಸ್‌ಗೆ ಅಲ್ಲಿಗೆ ಕಳಿಸುವ ಖರ್ಚೇ ಪುಸ್ತಕದ ಬೆಲೆಗಿಂತ ಜಾಸ್ತಿ. ಆದರೆ ಅವರು ನೋಡುವ ರೀತಿ ಕಲಿಯಲೇಬೇಕು.

ಪುಸ್ತಕವನ್ನು ಮೇಜಿನ ಮೇಲೆ ಮಲಗಿಸಿ. ಕೈಯಲ್ಲಿ ಹಿಡಿದು ಪೂರ್ತಿ ಬಿಚ್ಚಬೇಡಿ, ಹಳೇ ಬೆನ್ನು ಅಲ್ಲೇ ಸೀಳುತ್ತದೆ. ಕಿಟಕಿಯ ಬೆಳಕಿಗೆ ಸ್ವಲ್ಪ ಓರೆ ಮಾಡಿ ನೋಡಿ. ಬೆನ್ನಿನ ಉದ್ದಕ್ಕೂ ಕೂದಲೆಳೆಯಂಥ ಬಿಳಿ ಗೆರೆಗಳು ಕಾಣುತ್ತವೆ. ಪ್ರತಿ ಗೆರೆಯೂ ಯಾರೋ ಮಡಚಿ ಓದಿದ ಗುರುತು. ಆಮೇಲೆ ಪಿನ್ನು ನೋಡಿ. ಪಿನ್ನು ತುಕ್ಕು ಹಿಡಿದಿದೆಯಾ? ತುಕ್ಕು ಕಾಗದಕ್ಕೆ ಇಳಿದು ಕಂದು ಕಲೆ ಆಗಿದೆಯಾ? ಪಿನ್ನಿನ ಸುತ್ತ ಕಾಗದ ಹರಿದು ರಕ್ಷಾಪುಟ ಸಡಿಲ ಆಗಿದೆಯಾ? ಪಿನ್ನು ಹೊಸದಾಗಿ ಮಿನುಗುತ್ತಿದ್ದು ಪಕ್ಕದಲ್ಲಿ ಹಳೇ ತೂತು ಕಂಡರೆ ಯಾರೋ ಬಿಚ್ಚಿ ಮತ್ತೆ ಹೊಡೆದಿದ್ದಾರೆ. ಆಗ ಹಾಳೆಗಳನ್ನು ಒಂದೊಂದಾಗಿ ಎಣಿಸಲೇಬೇಕು. ಬೇರೆ ಪ್ರತಿಯ ಹಾಳೆ ಸೇರಿಸಿರಬಹುದು.

ಈಗ ನಡುಹಾಳೆ. ಪಿನ್ನು ಹಿಡಿದಿರುವ ಒಳಗಿನ ಹಾಳೆ ಅದು. ಓದಿ ಓದಿ ಮೊದಲು ಕಳಚಿ ಬೀಳುವುದು ಅದೇ. ಮಧ್ಯಕ್ಕೆ ಬಂದಾಗ ಕಥೆ ದಿಢೀರನೆ ಜಿಗಿದರೆ ನಾಲ್ಕು ಪುಟ ಹೋಗಿದೆ ಅಂತ ಅರ್ಥ. ಅಂಗಡಿಯಲ್ಲಿ ನಿಂತು ಮಧ್ಯದ ನಾಲ್ಕು ಪುಟ ಓದಿಬಿಡಿ. ಅಂಗಡಿಯವರು ಗೊಣಗಿದರೂ ಪರವಾಗಿಲ್ಲ. ಜಾಹೀರಾತಿನ ಪುಟಗಳನ್ನೂ ಬಿಡಬೇಡಿ. ಕೂಪನ್ ಕತ್ತರಿಸಿ ಕಳಿಸುವುದು ಆಗಿನ ಮಕ್ಕಳಿಗೆ ದೊಡ್ಡ ಸಂಭ್ರಮ. ಒಂದು ಪುಟದಲ್ಲಿ ಕೂಪನ್ ಹೋದರೆ ಅದರ ಹಿಂದಿನ ಪುಟದ ಚಿತ್ರವೂ ಹೋಯಿತು. ಪದಬಂಧ ತುಂಬಿದ್ದು, ಚುಕ್ಕಿ ಸೇರಿಸಿದ್ದು, ಫ್ಯಾಂಟಮ್‌ಗೆ ಮೀಸೆ ಬರೆದದ್ದು, ಎಲ್ಲ ಲೆಕ್ಕಕ್ಕೆ ಬರುತ್ತದೆ.

ಲೈಬ್ರರಿ ಪ್ರತಿಗಳ ವಿಷಯ ಬೇರೆಯೇ. ಮಾವ ಹೊಸ ಪುಸ್ತಕ ಬಂದ ದಿನವೇ ಬೆನ್ನಿಗೆ ಕಂದು ಕಾಗದ ಅಂಟಿಸಿ, ಪಕ್ಕದಲ್ಲಿ ದಬ್ಬಳದಿಂದ ಮೂರು ತೂತು ಮಾಡಿ ದಾರ ಹೊಲಿಯುತ್ತಿದ್ದರು. ಆಮೇಲೆ ಮುಖಪುಟದ ಮೇಲೆ ಒಂದು, ಒಳಗೆ ಒಂದು ರಬ್ಬರ್ ಸ್ಟಾಂಪು. ಪುಸ್ತಕ ಗಟ್ಟಿಯಾಗಿ ಉಳಿಯುತ್ತಿತ್ತು, ನೂರಾರು ಮಕ್ಕಳು ಓದುತ್ತಿದ್ದರು. ಇವತ್ತು ಕೊಳ್ಳುವವರು ಆ ತೂತು ನೋಡಿ ಬೆಲೆ ಅರ್ಧಕ್ಕೂ ಕೆಳಗೆ ಇಳಿಸುತ್ತಾರೆ. ಮಾರುಕಟ್ಟೆಯ ಲೆಕ್ಕದಲ್ಲಿ ಅದು ಸರಿ. ಆದರೆ ಚಾಮರಾಜಪೇಟೆ, ಮಲ್ಲೇಶ್ವರ, ಜಯನಗರದ ಯಾವುದೋ ಮುಚ್ಚಿಹೋದ ಲೈಬ್ರರಿಯ ಸ್ಟಾಂಪು ಇರುವ ಪ್ರತಿಯನ್ನು ನಾನು ಬಿಡುವುದಿಲ್ಲ. ಆ ಲೈಬ್ರರಿಗಳು ಇದ್ದವು ಅನ್ನುವುದಕ್ಕೆ ಬೇರೆ ಎಲ್ಲೂ ದಾಖಲೆ ಇಲ್ಲ.

ಬೈಂಡ್ ಮಾಡಿಸಿದ ಸಂಪುಟಗಳು ಇನ್ನೊಂದು ತಲೆನೋವು. ಆಗಿನ ಅಪ್ಪಂದಿರು ಪ್ರೀತಿಯಿಂದ ಹತ್ತು ಹನ್ನೆರಡು ಸಂಚಿಕೆ ಸೇರಿಸಿ ಕ್ಯಾಲಿಕೋ ಬಟ್ಟೆಯ ಬೈಂಡ್ ಮಾಡಿಸುತ್ತಿದ್ದರು. ಬೈಂಡಿಂಗ್‌ನವರು ಮೂರೂ ಕಡೆ ಕಟಿಂಗ್ ಯಂತ್ರಕ್ಕೆ ಕೊಟ್ಟು ಅಂಚು ಸಮ ಮಾಡುತ್ತಿದ್ದರು. ಹಾಗೆ ಅಂಚು ಹೋದ ಮೇಲೆ ಬಿಡಿ ಪ್ರತಿಯ ಬೆಲೆ ಬರುವುದಿಲ್ಲ. ಆದರೂ ಬೈಂಡ್ ಬಿಚ್ಚಬೇಡಿ. ಬಿಚ್ಚಿದರೆ ಇರುವ ಬೆಲೆಯೂ ಹೋಗುತ್ತದೆ. ಒಳಗಿನ ಕಾಗದ ಗಾಳಿ ಬೆಳಕು ತಾಗದೆ ಬಹಳ ಸಲ ಚೆನ್ನಾಗಿ ಉಳಿದಿರುತ್ತದೆ. ಮಧ್ಯದಲ್ಲಿ ರಕ್ಷಾಪುಟಗಳನ್ನು ಉಳಿಸಿದ್ದಾರೋ ಕಿತ್ತು ಬಿಸಾಡಿದ್ದಾರೋ ಅಷ್ಟು ನೋಡಿಕೊಳ್ಳಿ.

ಬೆಲೆ ಕಟ್ಟುವುದು

"ನಮ್ಮ ಅಟ್ಟದಲ್ಲಿ ಒಂದು ಪೆಟ್ಟಿಗೆ ಕಾಮಿಕ್ಸ್ ಇದೆ, ಲಕ್ಷ ಬರುತ್ತಾ?" ಅಂತ ಕೇಳುವವರು ಬಹಳ. ಅವರ ತಲೆಯಲ್ಲಿ ಇರುವುದು ಅಮೆರಿಕದ ಸುದ್ದಿ. ಸೂಪರ್‌ಮ್ಯಾನ್ ಮೊದಲು ಕಾಣಿಸಿಕೊಂಡ 1938ರ ಆ್ಯಕ್ಷನ್ ಕಾಮಿಕ್ಸ್ ಮೊದಲ ಸಂಚಿಕೆಯ ಬೆಲೆ ಆಗ ಹತ್ತು ಸೆಂಟ್. ಚೆನ್ನಾಗಿ ಉಳಿದಿದ್ದ ಒಂದು ಪ್ರತಿ 2024ರಲ್ಲಿ 60 ಲಕ್ಷ ಡಾಲರ್‌ಗೆ ಹರಾಜಾಯಿತು. ಮಕ್ಕಳು ಓದಿ ಬಿಸಾಡಿದ್ದು, ಎರಡನೇ ಮಹಾಯುದ್ಧದ ಕಾಲದಲ್ಲಿ ರದ್ದಿ ಕಾಗದಕ್ಕೆ ಹೋದದ್ದು, ಹೀಗಾಗಿ ಉಳಿದದ್ದೇ ತೀರಾ ಕಡಿಮೆ. ಬೇಕು ಅನ್ನುವವರು ಮಾತ್ರ ಲೋಕದ ತುಂಬ ಇದ್ದಾರೆ. ಇದಕ್ಕೆ ಉಲ್ಟಾ 1991ರ ಎಕ್ಸ್-ಮೆನ್ ಮೊದಲ ಸಂಚಿಕೆ. ಎಂಬತ್ತು ಲಕ್ಷಕ್ಕೂ ಹೆಚ್ಚು ಪ್ರತಿ ಅಚ್ಚಾಯಿತು. ಮುಂದೆ ಬೆಲೆ ಬರುತ್ತದೆ ಅಂತ ಎಲ್ಲರೂ ಜೋಪಾನವಾಗಿ ಇಟ್ಟುಕೊಂಡರು. ಎಲ್ಲರ ಹತ್ತಿರವೂ ಇರುವುದರಿಂದ ಇವತ್ತಿಗೂ ಅದಕ್ಕೆ ಹೇಳಿಕೊಳ್ಳುವ ಬೆಲೆ ಇಲ್ಲ.

ಎಷ್ಟು ಉಳಿದಿದೆ, ಎಷ್ಟು ಜನಕ್ಕೆ ಬೇಕು: ಬೆಲೆ ನಿಂತಿರುವುದು ಇವೆರಡರ ಮೇಲೆ. ಹಳತಾದ ಮಾತ್ರಕ್ಕೆ ಬೆಲೆ ಬರುವುದಿಲ್ಲ. ಕನ್ನಡದ ಕಾಮಿಕ್ಸ್ ಇಲ್ಲಿ ವಿಚಿತ್ರ ಜಾಗದಲ್ಲಿವೆ. ಇಂಗ್ಲಿಷ್ ಪ್ರತಿಗಳಿಗಿಂತ ಅವು ತುಂಬಾ ಕಡಿಮೆ ಉಳಿದಿವೆ. ಇಂದ್ರಜಾಲ ಕನ್ನಡದಲ್ಲೂ ಬಂದಿತ್ತು, ಆದರೆ ಇವತ್ತು ಒಂದು ಒಳ್ಳೇ ಪ್ರತಿ ಕಾಣುವುದೇ ಅಪರೂಪ. ಓದಿ, ಪಕ್ಕದ ಮನೆಗೆ ಕೊಟ್ಟು, ಕೊನೆಗೆ ತೂಕಕ್ಕೆ ಹಾಕಿದರು. ಕೊಳ್ಳುವವರೂ ಸದ್ಯಕ್ಕೆ ಕಡಿಮೆ. ಹಾಗಾಗಿ ಬೆಲೆಗೆ ಒಂದು ಹದ ಇಲ್ಲ. ಒಬ್ಬರು ಪುಕ್ಕಟೆ ಕೊಟ್ಟ ಪುಸ್ತಕವನ್ನು ಇನ್ನೊಬ್ಬರು ತಿಂಗಳ ದಿನಸಿ ದುಡ್ಡಿಗೆ ಕೊಳ್ಳುತ್ತಾರೆ. ಈಗ ಕೂಡಿಡಲು ಶುರು ಮಾಡಿ ಅನ್ನುವುದು ಇದಕ್ಕೇ. ಇನ್ನು ಹತ್ತು ಹದಿನೈದು ವರ್ಷಕ್ಕೆ ಇವು ಪೂರ್ತಿ ಕಾಣೆಯಾಗುತ್ತವೆ ಅನ್ನುವ ಭಯ ನನಗಿದೆ.

ಬೆಲೆ ಹುಡುಕುವಾಗ ಕೇಳಿದ ಬೆಲೆ ನೋಡಬೇಡಿ, ಮಾರಾಟವಾದ ಬೆಲೆ ನೋಡಿ. ಆನ್‌ಲೈನ್‌ನಲ್ಲಿ ಯಾರು ಬೇಕಾದರೂ ಹತ್ತು ಸಾವಿರ ಅಂತ ಹಾಕಬಹುದು. ಅದು ಎರಡು ವರ್ಷದಿಂದ ಅಲ್ಲೇ ಕೂತಿರಬಹುದು. ಈಬೇಯಲ್ಲಿ ಮಾರಾಟವಾದವನ್ನು ಮಾತ್ರ ತೋರಿಸುವ ಆಯ್ಕೆ ಇದೆ, ಅದನ್ನು ಒತ್ತಿ. ಸಂಗ್ರಾಹಕರ ವಾಟ್ಸಾಪ್, ಫೇಸ್‌ಬುಕ್ ಗುಂಪುಗಳಲ್ಲಿ ಕೊನೆಗೆ ಎಷ್ಟಕ್ಕೆ ಮುಗಿಯಿತು ಅಂತ ಬರೆದಿಟ್ಟುಕೊಳ್ಳಿ. ಒಂದೇ ಸಂಚಿಕೆಯ ಮೂರು ನಾಲ್ಕು ಮಾರಾಟ ಸಿಕ್ಕರೆ ಒಂದು ಅಂದಾಜು ಬರುತ್ತದೆ.

ಆ ಅಂದಾಜಿನಿಂದ ನಾನು ಕಳೆಯುವ ರೀತಿ ಹೀಗೆ. ಪೂರ್ತಿ ಇದ್ದು, ಬರಹ ಇಲ್ಲದೆ, ಬೆನ್ನು ಗಟ್ಟಿ ಇದ್ದರೆ ಪೂರ್ತಿ ಬೆಲೆ. ಒಳಗೆ ಅಂದವಾಗಿ ಹೆಸರು ಬರೆದಿದ್ದರೆ ಸ್ವಲ್ಪ ಕಡಿಮೆ, ಮುಖಪುಟದ ಮೇಲೆ ಬಾಲ್‌ಪೆನ್ನಿನಲ್ಲಿ ಬರೆದಿದ್ದರೆ ಜಾಸ್ತಿ ಕಡಿಮೆ. ಸೆಲ್ಲೋಟೇಪ್ ಇದ್ದರೆ ಅರ್ಧ. ಕೂಪನ್ ಕತ್ತರಿಸಿದ್ದರೆ ಅರ್ಧಕ್ಕಿಂತ ಕಡಿಮೆ. ನಡುಹಾಳೆ ಅಥವಾ ರಕ್ಷಾಪುಟ ಇಲ್ಲದಿದ್ದರೆ ಅದು ಓದಲು ಮಾತ್ರ. ಅಂಥದ್ದಕ್ಕೆ ಹಳೇ ಪುಸ್ತಕದ ಸಾಮಾನ್ಯ ಬೆಲೆಗಿಂತ ಒಂದು ರೂಪಾಯಿ ಜಾಸ್ತಿ ಕೊಡಬೇಡಿ. ಆದರೆ ಆ ಸಂಚಿಕೆ ಎಲ್ಲೂ ಸಿಗದಂಥದ್ದಾದರೆ ಈ ಲೆಕ್ಕವೆಲ್ಲ ಬದಿಗಿಟ್ಟು ತೆಗೆದುಕೊಳ್ಳಿ.

ಎಲ್ಲಿ ಹುಡುಕುವುದು

ಚರ್ಚ್ ಸ್ಟ್ರೀಟ್‌ನ ಬ್ಲಾಸಮ್, ಬುಕ್‌ವರ್ಮ್, ಬ್ರಿಗೇಡ್ ರಸ್ತೆ ಪಕ್ಕದ ಸೆಲೆಕ್ಟ್ ಪುಸ್ತಕದಂಗಡಿ ಎಲ್ಲರಿಗೂ ಗೊತ್ತು. ಅಲ್ಲಿ ಇರುವವರಿಗೆ ಪುಸ್ತಕ ಗೊತ್ತು, ಹಾಗಾಗಿ ಅಗ್ಗಕ್ಕೆ ಸಿಗುತ್ತದೆ ಅಂತ ಹೋಗಬೇಡಿ. ಒಳ್ಳೇ ಪ್ರತಿ ಬೇಕು ಅಂತ ಹೋಗಿ. ಅವೆನ್ಯೂ ರಸ್ತೆಯಲ್ಲಿ ಹೆಚ್ಚಾಗಿ ಪಠ್ಯಪುಸ್ತಕ. ಅದರ ನಡುವೆ ಕಾಮಿಕ್ಸ್ ಬಂದರೆ ಕೆಳಗಿನ ಅಡುಕಿನಲ್ಲಿ ಇಟ್ಟಿರುತ್ತಾರೆ, ಕೇಳಿದರೆ ತೆಗೆಯುತ್ತಾರೆ. ಭಾನುವಾರ ಬೆಳಿಗ್ಗೆ ಚಿಕ್ಕಪೇಟೆಯ ಸಂಡೇ ಬಜಾರ್‌ಗೆ ಬೇಗ ಹೋಗಿ. ಬೋಣಿ ಹೊತ್ತಿನಲ್ಲಿ ಚೌಕಾಸಿ ಮಾಡಿದರೆ ಬೇಜಾರು ಮಾಡಿಕೊಳ್ಳುವುದಿಲ್ಲ, ಖಾಲಿ ಕೈಯಲ್ಲಿ ಹೊರಟರೆ ಮಾತ್ರ ಬೇಜಾರು. ದೊಡ್ಡ ನೋಟು ಒಯ್ಯಬೇಡಿ.

ನಿಜವಾದ ನಿಧಿ ಇರುವುದು ನಿಮ್ಮ ಏರಿಯಾದ ಹಳೇ ಪೇಪರ್ ಅಂಗಡಿಯಲ್ಲಿ. ಬಸವನಗುಡಿ, ಮಲ್ಲೇಶ್ವರ, ಜಯನಗರದ ಹಳೇ ಮನೆ ಕೆಡವಿ ಅಪಾರ್ಟ್‌ಮೆಂಟ್ ಕಟ್ಟುವಾಗ ಅಟ್ಟದಲ್ಲಿದ್ದದ್ದೆಲ್ಲ ಅಲ್ಲಿಗೇ ಬರುತ್ತದೆ. ಯುಗಾದಿ ಮತ್ತು ದಸರಾಗೆ ಮನೆ ತೊಳೆಯುವ ವಾರದಲ್ಲೂ ಹಾಗೆ. ಅಂಗಡಿಯವರಿಗೆ ನಿಮ್ಮ ನಂಬರ್ ಕೊಟ್ಟು, "ಅಣ್ಣ, ಚಿತ್ರದ ಪುಸ್ತಕ ಬಂದರೆ ಕಟ್ಟು ಬಿಚ್ಚಬೇಡಿ, ಒಂದು ಫೋನ್ ಮಾಡಿ" ಅಂತ ಹೇಳಿಡಿ. ತೂಕದ ರೇಟಿಗಿಂತ ಚೆನ್ನಾಗೇ ಕೊಡಿ. ಒಂದು ಸಲ ಮರ್ಯಾದೆಯಾಗಿ ಕೊಟ್ಟರೆ ಮುಂದಿನ ಸಲ ತಾವೇ ಕರೆಯುತ್ತಾರೆ. ಯಾರ ಮನೆಯಿಂದ ಬಂತು ಅಂತಲೂ ಕೇಳಿ. ಸಾಲಾಗಿ ಇಪ್ಪತ್ತು ಸಂಚಿಕೆ ಬಂದಿದ್ದರೆ ಉಳಿದದ್ದು ಇನ್ನೂ ಆ ಮನೆಯಲ್ಲೇ ಇರಬಹುದು.

ಯಾರದೋ ಮನೆಗೆ ಹೋಗಿ ಕೊಳ್ಳುವಾಗ ಇನ್ನೊಂದು ಮಾತು. ನಮ್ಮ ರಸ್ತೆಯ ಒಬ್ಬ ಹಿರಿಯರು ಮಗನ ಪುಸ್ತಕದ ಟ್ರಂಕು ತೋರಿಸಿ, "ಏನಾದರೂ ಕೊಟ್ಟು ತಗೊಂಡು ಹೋಗಮ್ಮ, ಜಾಗ ಆದರೆ ಸಾಕು" ಅಂದರು. ಅದರಲ್ಲಿ ಮೂರು ನಾಲ್ಕು ನಿಜವಾಗಿ ಬೆಲೆ ಬಾಳುವ ಸಂಚಿಕೆ ಇದ್ದವು. ಅವನ್ನು ಬೇರೆ ತೆಗೆದಿಟ್ಟು, "ಮಾಮ, ಇವು ಇಷ್ಟು ಬೆಲೆ ಬಾಳುತ್ತವೆ, ಒಂದು ಸಲ ಮಗನನ್ನು ಕೇಳಿ" ಅಂದೆ. ಹೀಗೆ ಹೇಳಲೇಬೇಕು ಅಂತ ನನ್ನ ಅಭಿಪ್ರಾಯ. ಗೊತ್ತಿಲ್ಲದವರ ಹತ್ತಿರ ಗೊತ್ತಿರುವವರು ಸುಮ್ಮನೆ ಬಾಯಿ ಮುಚ್ಚಿಕೊಂಡು ಕೊಳ್ಳುವುದು ನ್ಯಾಯ ಅಲ್ಲ.

ಇಡುವುದು

ನ್ಯೂಸ್‌ಪ್ರಿಂಟ್‌ನೊಳಗೆ ಮರದಲ್ಲಿರುವ ಲಿಗ್ನಿನ್ ಅನ್ನುವ ಅಂಶ ಹಾಗೇ ಇರುತ್ತದೆ. ಬೆಳಕು, ಗಾಳಿ ತಾಗಿದರೆ ಹಳದಿ ಆಗಿ, ಹುಳಿ ಹೆಚ್ಚಿ, ಕೊನೆಗೆ ಹಪ್ಪಳದಂತೆ ಮುರಿಯುತ್ತದೆ. ಇದನ್ನು ನಿಲ್ಲಿಸಲು ಆಗುವುದಿಲ್ಲ, ನಿಧಾನ ಮಾಡಬಹುದು.

ಚಿಕ್ಕಪೇಟೆ ಸುತ್ತಮುತ್ತ ಪ್ಯಾಕಿಂಗ್ ಸಾಮಾನಿನ ಅಂಗಡಿಗಳಲ್ಲಿ ಪಾಲಿಪ್ರೊಪಿಲೀನ್ ಕವರ್ ಕೇಳಿ. ಮುಟ್ಟಿದರೆ ಚರಚರ ಸದ್ದು ಮಾಡುತ್ತದೆ. ಮೆತ್ತಗೆ, ಅಂಟಂಟಾಗಿ, ಹೊಸ ರೇನ್‌ಕೋಟಿನ ವಾಸನೆ ಬಂದರೆ ಅದು ಪಿವಿಸಿ. ಅದು ಬೇಡವೇ ಬೇಡ. ಒಳಗೆ ಪುಸ್ತಕದ ಹಿಂದೆ ಆ್ಯಸಿಡ್ ಇಲ್ಲದ ರಟ್ಟು ಇಡಿ. ಮಾಮೂಲಿ ಕಂದು ರಟ್ಟು ಇಟ್ಟರೆ ಅದರ ಹುಳಿ ಪುಸ್ತಕಕ್ಕೆ ಇಳಿಯುತ್ತದೆ. ಬಹಳ ಬೆಲೆಯದಾದರೆ ಮೈಲಾರ್ ಅನ್ನುವ ಪಾಲಿಯೆಸ್ಟರ್ ಹಾಳೆಯ ಕವರ್ ತರಿಸಿ. ಪುಸ್ತಕಗಳನ್ನು ನಿಲ್ಲಿಸಿ ಇಡಿ, ಆದರೆ ವಾಲದ ಹಾಗೆ. ಲ್ಯಾಮಿನೇಷನ್ ಯಾವ ಕಾರಣಕ್ಕೂ ಮಾಡಿಸಬೇಡಿ. ಹರಿದದ್ದಕ್ಕೆ ಟೇಪ್ ಹಾಕಬೇಡಿ, ಹರಿದ ಹಾಗೇ ಇರಲಿ.

ಬೆಂಗಳೂರಿನ ಸೆಖೆ ಪುಸ್ತಕಕ್ಕೆ ಅಂಥ ಶತ್ರು ಅಲ್ಲ. ಜೂನ್‌ನಿಂದ ಅಕ್ಟೋಬರ್‌ವರೆಗಿನ ತೇವ ಶತ್ರು. ಹೊರಗೋಡೆಗೆ ತಾಗಿಸಿ ಬೀರು ಇಡಬೇಡಿ, ನಾಲ್ಕು ಬೆರಳು ಜಾಗ ಬಿಡಿ. ನೆಲದ ಮೇಲೆ ಪೆಟ್ಟಿಗೆ ಇಡಬೇಡಿ, ಗೆದ್ದಲು ಬರುತ್ತದೆ. ಸಿಲಿಕಾ ಜೆಲ್ ಪೊಟ್ಟಣ ಹಾಕಿ, ಮಳೆಗಾಲದಲ್ಲಿ ಬದಲಿಸಿ. ನುಸಿಗುಳಿಗೆ ಹಾಕುವುದಾದರೆ ಬಟ್ಟೆಯಲ್ಲಿ ಕಟ್ಟಿ ಮೂಲೆಗೆ ಹಾಕಿ, ಕಾಗದಕ್ಕೆ ತಾಗಬಾರದು. ವರ್ಷಕ್ಕೆರಡು ಸಲ ಎಲ್ಲವನ್ನೂ ಹೊರಗೆ ತೆಗೆದು ಗಾಳಿಯಾಡಿಸಿ, ಬಿಸಿಲಿಗೆ ಇಡದೆ. ಹಾಗೆ ತೆಗೆದಾಗ ಬೆಳ್ಳಿ ಬಣ್ಣದ ಸಣ್ಣ ಹುಳ ಓಡುವುದು ಕಂಡರೆ ಆ ಪೆಟ್ಟಿಗೆ ಪೂರ್ತಿ ಖಾಲಿ ಮಾಡಿ ಒರೆಸಿ.

ಅಂಗಡಿಯವರ ಬೆಲೆ ಚೀಟಿ ಮುಖಪುಟಕ್ಕೆ ಅಂಟಿದ್ದರೆ ಉಗುರಿನಲ್ಲಿ ಕೀಳಬೇಡಿ. ಕೂದಲು ಒಣಗಿಸುವ ಯಂತ್ರದ ಸಣ್ಣ ಬಿಸಿ ಸ್ವಲ್ಪ ಹೊತ್ತು ಕೊಟ್ಟರೆ ಅಂಟು ಸಡಿಲ ಆಗುತ್ತದೆ, ಆಗ ಮೂಲೆಯಿಂದ ಮೆಲ್ಲಗೆ ಎತ್ತಿ. ಬಣ್ಣ ಏಳುತ್ತಿದೆ ಅನ್ನಿಸಿದರೆ ಅಲ್ಲೇ ನಿಲ್ಲಿಸಿ.

ಒಂದು ನೋಟ್‌ಬುಕ್ ಇಡಿ. ಹೆಸರು, ನಂಬರ್, ಭಾಷೆ, ಮುದ್ರಿತ ಬೆಲೆ, ವಿಳಾಸದಲ್ಲಿ ಕಂಡ ಗುರುತು, ಏನೇನು ಕುಂದು, ಎಲ್ಲಿ ಎಷ್ಟಕ್ಕೆ ಸಿಕ್ಕಿತು, ಎಲ್ಲವನ್ನೂ ಬರೆಯಿರಿ. ಮುಖಪುಟ, ಹಿಂಪುಟ, ನಡುಹಾಳೆಯ ಫೋಟೊ ತೆಗೆದಿಡಿ. ಮುಂದೆ ಮಾರುವಾಗಲೂ ಇದೇ ಮೂರು ಫೋಟೊ ಕಳಿಸಿ, ಕುಂದುಗಳನ್ನು ನೀವೇ ಮೊದಲು ಹೇಳಿ. ಅಂಚೆಯಲ್ಲಿ ಕಳಿಸುವಾಗ ಕವರ್ ಸಮೇತ ಪುಸ್ತಕವನ್ನು ಎರಡು ಗಟ್ಟಿ ರಟ್ಟಿನ ನಡುವೆ ಇಡಿ. ರಟ್ಟು ನಾಲ್ಕೂ ಕಡೆ ಒಂದು ಬೆರಳು ಹೊರಗಿರಲಿ. ಟೇಪನ್ನು ರಟ್ಟಿಗೆ ಮಾತ್ರ ಹಾಕಿ, ಬಿಚ್ಚುವವರಿಗೆ ಸುಲಭವಾಗಲಿ ಅಂತ ಟೇಪಿನ ತುದಿ ಮಡಚಿ ಬಿಡಿ. ಮಳೆಗಾಲವಾದರೆ ಮೇಲೊಂದು ಪ್ಲಾಸ್ಟಿಕ್ ಸುತ್ತಿ, ಸ್ಪೀಡ್ ಪೋಸ್ಟ್ ಮಾಡಿ ರಸೀದಿಯ ಫೋಟೊ ಅವತ್ತೇ ಕಳಿಸಿ.